ತೊನ್ನಿನ ಪುಟದ ಮೊದಲ ಸಾಲು

ನಂಜನಗೂಡಿನ ಒಂದು ಪಿಯು ಕಾಲೇಜಿನಲ್ಲಿ ನಾನು ಜೀವಶಾಸ್ತ್ರದ ಮೇಷ್ಟ್ರು. ಪಾಠವಿಲ್ಲದ ಹೊತ್ತಿನಲ್ಲಿ ಸ್ಟಾಫ್ ರೂಮಿನ ಕಿಟಕಿ ಪಕ್ಕ ಕೂತು ಕನ್ನಡದ ಆನ್‌ಲೈನ್ ವಿಶ್ವಕೋಶಕ್ಕೆ ಲೇಖನ ಬರೆಯುವುದು ಕೆಲವು ವರ್ಷಗಳ ಅಭ್ಯಾಸವಾಗಿತ್ತು. ಅಲ್ಲಿ ಯಾರು ಬೇಕಾದರೂ ಬರೆಯಬಹುದು, ಬರೆದದ್ದನ್ನು ಯಾರು ಬೇಕಾದರೂ ತಿದ್ದಬಹುದು. ಸಂಬಳವಿಲ್ಲ, ಹೆಸರೂ ಇಲ್ಲ. ನನ್ನ ವಿದ್ಯಾರ್ಥಿಗಳು ಯಾವುದಾದರೂ ಕಾಯಿಲೆಯ ಬಗ್ಗೆ ಮೊಬೈಲಿನಲ್ಲಿ ಹುಡುಕಿದರೆ ಕನ್ನಡದಲ್ಲಿ ಸಿಗುತ್ತಿದ್ದದ್ದು ಹೆಚ್ಚಾಗಿ ಲೇಹ್ಯ ಮಾರುವವರ ಜಾಹೀರಾತು. ಅದನ್ನು ನೋಡಲಾರದೆ ಕೈಹಾಕಿದ ಕೆಲಸ.

ಮಕ್ಕಳ ಭೇದಿಯ ಬಗ್ಗೆ ಬರೆದಾಗ, ಉಪ್ಪು ಸಕ್ಕರೆಯ ನೀರನ್ನು ಲೋಟದ ಲೆಕ್ಕದಲ್ಲಿ ಹೇಳಿದ್ದೆ. ಮಾರನೆಯ ದಿನ ಯಾರೋ ಅದನ್ನು ಅಳಿಸಿ ಲೀಟರಿಗೆ ಬದಲಾಯಿಸಿದ್ದರು. ಜೊತೆಗೊಂದು ಟಿಪ್ಪಣಿ: ಲೋಟ ಒಂದೊಂದು ಮನೆಯಲ್ಲಿ ಒಂದೊಂದು ಅಳತೆ, ಲೀಟರ್ ಬಾಟಲಿ ಎಲ್ಲರ ಮನೆಯಲ್ಲೂ ಇರುತ್ತದೆ. ಮನೆಮನೆ ತಿರುಗಿದವರಿಗೆ ಮಾತ್ರ ಹೊಳೆಯುವ ತಿದ್ದುಪಡಿ ಅದು. ನಾನು ಧನ್ಯವಾದ ಬರೆದೆ. ಹಾಗೆ ಪರಿಚಯವಾಯಿತು. ಆಕೆ ಟಿ. ನರಸೀಪುರದ ಆಚೆಯ ಒಂದು ಹಳ್ಳಿಯ ಅಂಗನವಾಡಿ ಕಾರ್ಯಕರ್ತೆ. ಮಧ್ಯಾಹ್ನ ಮಕ್ಕಳು ಮಲಗಿದ ಮೇಲೆ ಮೊಬೈಲಿನಲ್ಲೇ ಬರೆಯುತ್ತಿದ್ದರು.

ಎರಡು ವರ್ಷ ನಾವು ಜೊತೆಯಾಗಿ ಬರೆದೆವು. ಕಜ್ಜಿ, ಹುಳುಕಡ್ಡಿ, ರಕ್ತಹೀನತೆ, ಗಳಗಂಡ. ನಾನು ಪುಸ್ತಕ ನೋಡಿ ಬರೆದದ್ದನ್ನು ಆಕೆ ಜನರಿಗೆ ಅರ್ಥವಾಗುವ ಹಾಗೆ ಮಾಡುತ್ತಿದ್ದರು. ಆಗಾಗ ಫೋನು. "ಸಾ, ಈ ಸೂಕ್ಷ್ಮಾಣುಜೀವಿ ಅನ್ನದ ತಗ್ದು ಕ್ರಿಮಿ ಅಂತ ಹಾಕ್ಲಾ?" ಎಂದು ಕೇಳುವರು. ಬಸ್ಸಿನಲ್ಲಿ ಒಂದು ಗಂಟೆಯ ದಾರಿಯಾದರೂ ನಾವು ಮುಖ ನೋಡಿರಲಿಲ್ಲ. ಆಕೆಗೆ ತೊನ್ನು ಇದೆಯೆಂಬುದು ನನಗೆ ಗೊತ್ತಿರಲಿಲ್ಲ.

ತೊನ್ನಿನ ಪುಟವನ್ನು ನಾನು ಒಂದು ರಜೆಯಲ್ಲಿ ಬರೆದೆ. ಚರ್ಮಕ್ಕೆ ಬಣ್ಣ ಕೊಡುವ ಕೋಶಗಳು ನಾಶವಾಗುವುದು, ಚಿಕಿತ್ಸೆ, ಇದು ಮುಟ್ಟಿದರೆ ಹರಡುವುದಿಲ್ಲ ಎಂಬುದು, ಎಲ್ಲವೂ ಇತ್ತು. ಮೊದಲ ಸಾಲು ಹೀಗಿತ್ತು: ತೊನ್ನು ಅಥವಾ ಬಿಳಿ ಕುಷ್ಠ ಎಂಬುದು ಚರ್ಮದ ಬಣ್ಣ ಹೋಗುವ ಒಂದು ಸ್ಥಿತಿ.

ಆಕೆ 'ಬಿಳಿ ಕುಷ್ಠ'ವನ್ನು ಅಳಿಸಿದರು. ನಾನು ಮತ್ತೆ ಹಾಕಿದೆ. ಮತ್ತೆ ಅಳಿಸಿದರು. ಮೂರನೆಯ ಸಲ, ಬರೆಯುವವರು ತಮ್ಮತಮ್ಮಲ್ಲಿ ವಾದ ಮಾಡಲೆಂದು ಪ್ರತಿ ಲೇಖನಕ್ಕೂ ಇರುವ ಚರ್ಚಾಪುಟದಲ್ಲಿ ನಾನು ಉದ್ದಕ್ಕೆ ಬರೆದೆ. ಜನ ಹುಡುಕುವುದೇ ಆ ಪದದಿಂದ. ಹಳೆಯ ನಿಘಂಟುಗಳಲ್ಲಿ ಅದು ಇದೆ. ವಿಶ್ವಕೋಶದ ಕೆಲಸ ಬಳಕೆಯನ್ನು ದಾಖಲಿಸುವುದೇ ಹೊರತು ಯಾರ ಮನಸ್ಸನ್ನೂ ಕಾಯುವುದಲ್ಲ. ಬರೆದು ಮುಗಿಸಿದಾಗ ನನಗೆ ಒಳಗೊಳಗೇ ಹೆಮ್ಮೆಯಾಗಿತ್ತು. ಆಕೆಯ ಉತ್ತರ ಎರಡೇ ವಾಕ್ಯ: ಆ ಪದ ತಪ್ಪು. ಇದಕ್ಕೂ ಕುಷ್ಠಕ್ಕೂ ಸಂಬಂಧವಿಲ್ಲ.

ವಿಶ್ವಕೋಶದ ಒಬ್ಬ ನಿರ್ವಾಹಕರು ಎರಡೂ ಕಡೆ ಓದಿ, ನನ್ನ ಸಾಲನ್ನೇ ಉಳಿಸಿ, ಸ್ವಲ್ಪ ಕಾಲ ಯಾರೂ ತಿದ್ದದಂತೆ ಪುಟಕ್ಕೆ ಬೀಗ ಹಾಕಿದರು. ಗೆದ್ದವನ ಔದಾರ್ಯದಲ್ಲಿ ನಾನು ಫೋನು ಮಾಡಿದೆ.

"ಬೇಜಾರ್ ಮಾಡ್ಕೋಬೇಡಿ ಮೇಡಂ, ಇದು ಪದದ ಜಗಳ ಅಷ್ಟೆ."

"ಸರಿ ಸಾ" ಎಂದರು. ಆಮೇಲೆ ಅಲ್ಲೊಂದು ಇಲ್ಲೊಂದು ಕಾಗುಣಿತ ತಿದ್ದಿದರು. ಆಮೇಲೆ ಅದೂ ನಿಂತಿತು.

ಕೆಲವು ತಿಂಗಳಾದ ಮೇಲೆ ಪ್ರಾಕ್ಟಿಕಲ್ ಪರೀಕ್ಷೆಗೆ ನನ್ನನ್ನು ನರಸೀಪುರಕ್ಕೆ ಹಾಕಿದರು. ಆಕೆಗೆ ಫೋನು ಮಾಡಿದೆ. "ಬನ್ನಿ ಸಾ, ಅಂಗನವಾಡಿಗೇ ಬನ್ನಿ" ಎಂದರು. ಮುಡುಕುತೊರೆ ಕಡೆಯ ಬಸ್ಸು ಹತ್ತಿ ನಡುವೆ ಇಳಿದು, ಗದ್ದೆಯ ಬದಿಯಲ್ಲಿ ನಡೆದು ಹೋದೆ.

ಬಾಗಿಲಲ್ಲಿ ನಿಂತಿದ್ದವರ ತುಟಿಯ ಸುತ್ತ, ಎರಡೂ ಕೈಗಳ ಬೆರಳಿನಿಂದ ಮಣಿಕಟ್ಟಿನವರೆಗೆ ಬಿಳಿ. ನಾನು ಕಣ್ಣು ತಪ್ಪಿಸಿದೆ. ತಪ್ಪಿಸಿದ್ದನ್ನು ಆಕೆ ನೋಡಿದರು.

ಒಳಗೆ ಮಕ್ಕಳಿಗೆ ಊಟ ನಡೆಯುತ್ತಿತ್ತು. ಸಹಾಯಕಿಯೊಬ್ಬರೇ ಅನ್ನ ಹಾಕಿ, ಸಾರು ಬಿಟ್ಟು, ಮೊಟ್ಟೆ ಸುಲಿದು ಕೊಡುತ್ತಿದ್ದರು. ಈಕೆ ಮೂಲೆಯ ಕುರ್ಚಿಯಲ್ಲಿ ರಿಜಿಸ್ಟರ್ ಇಟ್ಟುಕೊಂಡು ಕೂತರು. ಒಂದು ಮಗು ಓಡಿಬಂದು ಆಕೆಯ ಮಂಡಿ ಹಿಡಿಯಿತು. ಸಹಾಯಕಿ ಅದನ್ನು ಮೆಲ್ಲಗೆ ಬಿಡಿಸಿ ಕರೆದುಕೊಂಡು ಹೋದರು.

"ಮೊದ್ಲು ನಾನೇ ಬಡುಸ್ತಿದ್ದೆ ಸಾ" ಎಂದರು. "ಒಂದಿನ ಒಬ್ರು ತಾಯಿ ಬಂದು, ಈ ಟೀಚ್ರು ಸೌಟು ಮುಟ್ಟದು ಬ್ಯಾಡ ಅಂದ್ರು. ಇದು ಅಂಟಲ್ಲ ಕನವ್ವ ಅಂದೆ. ಫೋನ್ ತಗ್ದು ಎಲ್ರ ಮುಂದೆ ಓದುದ್ರು. ತೊನ್ನು ಅಥವಾ ಬಿಳಿ ಕುಷ್ಠ. ನೀವ್ ಬರ್ದ ಸಾಲು. ನಾನೇ ಎಷ್ಟು ಸಲ ಓದಿದ್ದೆ, ಇನ್ನೊಬ್ರ ಬಾಯಲ್ಲಿ ಕೇಳಿದ್ದು ಅವತ್ತೇ ಸಾ."

"ಕೆಳಗೆ ಹರಡಲ್ಲ ಅಂತ ಬರೆದಿದೀನಲ್ಲ ಮೇಡಂ?"

"ಅಷ್ಟು ದೂರ ಯಾರು ಓದ್ತರೆ ಸಾ? ಕುಷ್ಠ ಅನ್ನದು ಕಂಡ್ತು, ಮುಗೀತು. ಕುಷ್ಠ ಇರೋರ್ಗೂ ಹಂಗ್ ಮಾಡ್ಬಾರ್ದು. ಅದ ಏಳಕ್ಕೂ ನನಗೆ ಬಾಯಿ ಬರ್ನಿಲ್ಲ."

"ನನಗೆ ಮೊದಲೇ ಹೇಳಬಹುದಿತ್ತು."

ಆಕೆ ರಿಜಿಸ್ಟರ್ ಮುಚ್ಚಿದರು. "ಸಕ್ಕರೆ ಕಾಯಿಲೆ ಪುಟದಲ್ಲಿ ಒಬ್ರಿಗೆ ನೀವೇ ಬರ್ದಿದ್ರಲ್ಲ. ಕಾಯಿಲೆ ಇರೋರು ಅದೇ ಕಾಯಿಲೆ ಪುಟದಿಂದ ದೂರ ಇರ್ಬೇಕು, ಬರವಣಿಗೆ ಒಂದ್ ಕಡೆಗೆ ವಾಲುತ್ತೆ ಅಂತ. ಏಳಿದ್ರೆ ನನ್ನೂ ದೂರ ಇಡ್ತಿದ್ರಿ."

ಅದು ನಿಜ. ನಾನು ಹಾಗೆ ಬರೆದಿದ್ದೆ, ಆಕೆಯನ್ನೂ ಹಾಗೆಯೇ ದೂರವಿಡುತ್ತಿದ್ದೆ.

ಮಕ್ಕಳನ್ನು ಕರೆದೊಯ್ಯಲು ತಾಯಂದಿರು ಬಂದಾಗ ನಾನು ಎದ್ದು ನಿಂತೆ. ನಂಜನಗೂಡಿನಿಂದ ಬಂದ ಮೇಷ್ಟ್ರು ಎಂದು ಹೇಳಿಕೊಂಡು, ತರಗತಿಯಲ್ಲಿ ಹೇಳುವ ಹಾಗೆ ಬಿಡಿಸಿ ಹೇಳಿದೆ. ಅವರು ಸೆರಗು ಸರಿಮಾಡಿಕೊಂಡು ಮರ್ಯಾದೆಯಿಂದ ಕೇಳಿದರು. ಕೊನೆಗೆ ಒಬ್ಬಾಕೆ ಅಂದರು, "ನೀವ್ ಏಳದು ಸರಿ ಸಾ. ಆದ್ರೆ ಬರ್ದೂ ಅದಲ್ಲ? ಓದ್ದೋರೇ ತಾನೆ ಬರ್ದಿರದು?"

ಬರೆದವನು ನಾನೇ ಎನ್ನಬೇಕಿತ್ತು. ಬಾಯಿಗೆ ಬಂದಿತ್ತು. ಅಷ್ಟು ಜನರ ಎದುರು ನನ್ನಿಂದ ಆಗಲಿಲ್ಲ. ಯಾರೋ ತಪ್ಪು ಬರೆದಿರಬೇಕಮ್ಮ ಎಂದೆ. ಟೀಚರ್ ನನ್ನ ಕಡೆ ನೋಡಲಿಲ್ಲ. ಚಾಪೆ ಸುತ್ತಿ ಗೋಡೆಗೆ ಒರಗಿಸುತ್ತಿದ್ದರು. ಬಸ್‌ಸ್ಟಾಪಿನವರೆಗೆ ಬಂದು ಕಳಿಸಿದರು, ದಾರಿಯಲ್ಲಿ ಪರೀಕ್ಷೆ ಹೇಗಾಯಿತೆಂದು ಕೇಳಿದರು. ನಾನು ಏನು ಹೇಳಿದೆನೋ ನೆನಪಿಲ್ಲ.

ಮರುದಿನ ಬೆಳಗ್ಗೆ ಸ್ಟಾಫ್ ರೂಮಿನಲ್ಲಿ ಕೂತು ಆ ಪದವನ್ನು ಅಳಿಸಿದೆ. ಪುಟದ ಬೀಗ ಅಷ್ಟರಲ್ಲಿ ತೆಗೆದಿತ್ತು. ಸಂಜೆಯೊಳಗೆ ಪದ ವಾಪಸ್ಸು ಬಂದಿತ್ತು. ನನಗೆ ಗುರುತಿಲ್ಲದ ಯಾರೋ ಒಬ್ಬರು ಹಾಕಿದ್ದರು. ಚರ್ಚಾಪುಟದಲ್ಲಿ ಕಾರಣ ಕೊಟ್ಟಿದ್ದರು: ಜನ ಹುಡುಕುವುದೇ ಆ ಪದದಿಂದ. ಹಳೆಯ ನಿಘಂಟುಗಳಲ್ಲಿ ಅದು ಇದೆ. ವಿಶ್ವಕೋಶದ ಕೆಲಸ ಬಳಕೆಯನ್ನು ದಾಖಲಿಸುವುದೇ ಹೊರತು ಯಾರ ಮನಸ್ಸನ್ನೂ ಕಾಯುವುದಲ್ಲ. ನನ್ನವೇ ವಾಕ್ಯಗಳು, ಅಲ್ಪವಿರಾಮವೂ ಬದಲಾಗದೆ.

ನಾನು ವಾದಿಸಿದೆ. ಅವರು ವಿನಯವಾಗಿಯೇ ಕೇಳಿದರು: ಆಗ ನೀವೇ ಇದನ್ನು ಸಮರ್ಥಿಸಿದ್ದಿರಿ, ಈಗ ಹೊಸ ಆಧಾರವೇನಾದರೂ ಸಿಕ್ಕಿದೆಯೇ? ನನ್ನ ಆಧಾರ ಒಂದು ಅಂಗನವಾಡಿಯ ಮೂಲೆಯ ಕುರ್ಚಿ. ಅದನ್ನು ಅಲ್ಲಿ ಬರೆಯುವಂತಿರಲಿಲ್ಲ, ಬರೆದರೂ ಅದು ಆಧಾರವಾಗುತ್ತಿರಲಿಲ್ಲ. ಎರಡು ವಾರ ಎಳೆದಾಡಿ ಕೊನೆಗೆ ಒಂದು ರಾಜಿಯಾಯಿತು. ತಪ್ಪಾಗಿ ಬಿಳಿ ಕುಷ್ಠ ಎಂದೂ ಕರೆಯುವುದುಂಟು ಎಂದು ಬರೆದೆವು. ಇನ್ನಷ್ಟು ಜಗ್ಗಲು ನನಗೆ ಬಲವಿರಲಿಲ್ಲ.

ಆಕೆಗೆ ಫೋನಿನಲ್ಲಿ ಓದಿ ಹೇಳಿದೆ.

"ಪದ ಅಲ್ಲೇ ಅದಲ್ಲ ಸಾ" ಎಂದರು.

"ನೀವೂ ಬಂದು ಬರೆದರೆ ತೆಗೆಸಬಹುದು ಮೇಡಂ. ನಾನು ಜೊತೆಗಿರ್ತೀನಿ."

"ಬ್ಯಾಡ ಸಾ. ನಿಮ್ ಜೊತೇಲೇ ಗುದ್ದಾಡಿ ಸಾಕಾಯ್ತು." ಸಿಟ್ಟಿನ ದನಿಯಲ್ಲ. ಸಿಟ್ಟಾಗಿದ್ದರೆ ನನಗೆ ಹಗುರಾಗುತ್ತಿತ್ತೇನೋ.

ಆಮೇಲೆ ಕಾಯಿಲೆಗಳ ಪುಟ ನಾನು ಮುಟ್ಟಿಲ್ಲ. ಕಪಿಲೆಯ ಮೀನುಗಳ ಬಗ್ಗೆ ನಾಲ್ಕು ಸಾಲು ಬರೆಯಲು ಹೋದೆ, ಮೊದಲ ವಾಕ್ಯಕ್ಕೇ ಕೈ ನಿಂತಿತು. ಯಾರು ಎಲ್ಲಿ ಕೂತು ಇದನ್ನು ಯಾರಿಗೆ ಗಟ್ಟಿಯಾಗಿ ಓದಿ ಹೇಳುತ್ತಾರೋ ಎಂಬ ಯೋಚನೆ ಬಂತು.

ಆಕೆ ಈಗಲೂ ಅಲ್ಲೇ ಇದ್ದಾರೆ. ಸೌಟು ಇನ್ನೂ ಸಹಾಯಕಿಯ ಕೈಯಲ್ಲೇ ಇದೆ. ಕಳೆದ ಸಲ ಮಾತಾಡಿದಾಗ ವರ್ಗಾವಣೆ ಕೇಳಬಾರದೇ ಎಂದೆ.

"ಎಲ್ಗೋದ್ರೂ ಈ ಕೈ ಜೊತೆಗೇ ಬತ್ತದಲ್ಲ ಸಾ" ಎಂದರು. "ಜೂನ್‌ಗೆ ಹೊಸ ಮಕ್ಕ ಸೇರ್ತವೆ. ಹೊಸ ತಾಯಂದ್ರು ಬತ್ತರೆ. ನೋಡಾನ."

ಹಿಂದೆ ಮಕ್ಕಳ ಗಲಾಟೆ ಕೇಳುತ್ತಿತ್ತು. ಹಾಜರಿ ಬರೆಯಬೇಕು ಎಂದು ಹೇಳಿ ಫೋನು ಇಟ್ಟರು.