ಮೈಕಿನಲ್ಲಿ ನಾನು ಮುಗಿಸಿದ ಸಿನಿಮಾ

ಹೋದ ಭಾನುವಾರ ಹುಬ್ಬಳ್ಳಿಗೆ ಒಂದು ಸಿನಿಮಾ ನೋಡಲು ಹೋಗಿದ್ದೆ. ಸಿನಿಮಾ ಎಂದ ಕೂಡಲೇ ಹೊಡೆದಾಟ, ಕುಣಿತ, ಸೀಟಿ ಎಂದೆಲ್ಲ ಎಣಿಸಿಕೊಳ್ಳಬೇಡಿ. ಒಂದು ಕಟ್ಟಡದ ಮೂರನೇ ಮಹಡಿಯಲ್ಲಿ ನಲವತ್ತು ಕುರ್ಚಿ ಹಾಕಿದ ಪುಟ್ಟ ಥಿಯೇಟರು ಅದು. ಹೆಸರೇ ಕೇಳದ ದೇಶಗಳ ಚಿತ್ರಗಳು, ಯಾರೋ ಹುಚ್ಚು ಹಿಡಿದವರು ಕೈಯಿಂದ ದುಡ್ಡು ಹಾಕಿ ತೆಗೆದ ಚಿತ್ರಗಳು ಅಲ್ಲಿಗೆ ಬರುತ್ತವೆ. ನಾನು ನಿವೃತ್ತ ಮಾಸ್ತರ, ಶಿಗ್ಗಾವಿಯಲ್ಲಿ ಮನೆ. ಚೀಲ ಹೆಗಲಿಗೆ ಹಾಕಿಕೊಂಡು ಹೊರಟಾಗ ನನ್ನ ಹೆಂಡತಿ, "ನಿದ್ದಿ ಮಾಡಾಕ ಅಷ್ಟ ದೂರ ಯಾಕ ಹೋಗ್ತೀರಿ, ಮನ್ಯಾಗ ಹಾಸಿಗಿ ಇಲ್ಲೇನು?" ಎಂದಳು. ಹಿಂದಿನ ಸಲ ನಾನು ನಿದ್ದೆ ಮಾಡಿದ್ದು ಖರೆಯೇ.

ಥಿಯೇಟರಿನ ಬಾಗಿಲಲ್ಲೇ ಗೋವಿನಜೋಳದ ಅರಳು ಹುರಿಯುವ ವಾಸನೆ ಬಂತು. ಈಗಿನವರು ಅದಕ್ಕೆ ಪಾಪ್‌ಕಾರ್ನ್ ಎನ್ನುತ್ತಾರೆ. ಆ ವಾಸನೆ ನನ್ನ ತಲೆಗೆ ಏನು ಮಾಡಿತೋ, ಚಿತ್ರ ಶುರುವಾಗಿ ಪರದೆಯ ಕೆಳಗೆ ಇಂಗ್ಲಿಷ್ ಅಕ್ಷರಗಳು ಮೂಡಿದ್ದೇ ತಡ, ನನ್ನ ಬಾಯಿ ತಾನೇ ಶುರುವಾಯಿತು. "ಅವ್ವ ಕೇಳಾಕತ್ತಾಳ, ಎಲ್ಲಿಗೆ ಹೊಂಟಿ ಅಂತ... ಮಗಾ ಹೇಳವಲ್ಲ..." ಪಕ್ಕದ ಹುಡುಗಿ ನನ್ನ ಕಡೆ ಬಗ್ಗಿ, "ಅಜ್ಜಾರ, ನಮಗೂ ಓದಾಕ ಬರ್ತೈತ್ರಿ" ಎಂದಳು. ಬಹಳ ಮರ್ಯಾದೆಯಿಂದ ಹೇಳಿದಳು. ನಾನು ಬಾಯಿಗೆ ಟವೆಲು ಒತ್ತಿಕೊಂಡು ಕೂತೆ.

ನನ್ನ ಬಾಯಿಗೆ ಈ ಚಟ ಹತ್ತಿದ್ದು ಹಿರೇಕೆರೂರಿನಲ್ಲಿ. ಆಗ ಅಲ್ಲಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ನನ್ನ ಗೆಳೆಯ ಈರಣ್ಣನ ಅಪ್ಪ ಕಟ್ಟಿಸಿದ ಟಾಕೀಸು ಮುಚ್ಚಿ ಹೋಗಿ ಗೋವಿನಜೋಳದ ಗೋದಾಮು ಆಗಿತ್ತು. ಈರಣ್ಣ ಹತ್ತಿ, ಜೋಳದ ವ್ಯಾಪಾರಸ್ಥ. ಆದರೆ ಹರೆಯದಲ್ಲಿ ಪುಣೆಗೆ ಓದಲು ಹೋಗಿ, ಓದು ಬಿಟ್ಟು ಬರೀ ದೇಶವಿದೇಶದ ಸಿನಿಮಾ ನೋಡಿ ಬಂದ ಆಸಾಮಿ. ಪುಣೆಯ ಗೆಳೆಯರು ಇವನಿಗೆ ಆ ಸಿನಿಮಾಗಳ ಡಿಸ್ಕುಗಳನ್ನು ಕಳಿಸುತ್ತಿದ್ದರು. ಒಬ್ಬನೇ ನೋಡಿ ನೋಡಿ ಬೇಸತ್ತು, ಒಂದು ದಿನ ಗೋದಾಮಿನ ಚೀಲಗಳನ್ನು ಒಂದು ಬದಿಗೆ ಒಟ್ಟಿಸಿ, ಹಳೆಯ ಪರದೆಯ ಧೂಳು ಜಾಡಿಸಿ, ಸಂತೆಯ ದಿನ ಮುಂಜಾನೆ ಏಳೂವರೆಗೆ ಪುಕ್ಕಟೆ ಆಟ ಎಂದು ಸಾರಿಸಿಬಿಟ್ಟ.

ಜನ ಬಂದರು. ಕಲೆಯ ಪ್ರೀತಿಯಿಂದ ಬಂದರು ಎಂದರೆ ನೀವು ನಗುತ್ತೀರಿ. ಹಂಸಭಾವಿ ಕಡೆಯ ಮೊದಲ ಬಸ್ಸಿಗೆ ಸಂತೆಗೆ ಬಂದವರಿಗೆ ವ್ಯಾಪಾರ ಶುರುವಾಗುವ ತನಕ ಕೂಡಲು ಒಂದು ನೆರಳು ಬೇಕಿತ್ತು, ಅಷ್ಟೇ. ಚೀಲದ ಮೇಲೆ ಒರಗಿಕೊಂಡು, ಎಲೆಯಡಿಕೆ ಹಾಕಿಕೊಂಡು, ಹಿಮ ಬೀಳುವ ಊರುಗಳ ಕಥೆ ನೋಡುತ್ತಿದ್ದರು. ಇಂಗ್ಲಿಷ್ ಓದಲು ಬರುತ್ತಿರಲಿಲ್ಲವಲ್ಲ, ಅದಕ್ಕೆ ನಾನು. ಪರದೆಯ ಪಕ್ಕದಲ್ಲಿ ಒಂದು ಸ್ಟೂಲು, ಮದುವೆ ಮನೆಯವರು ಬಾಡಿಗೆಗೆ ಒಯ್ಯುವಂಥ ಒಂದು ಮೈಕು. ಕೆಳಗೆ ಮೂಡಿದ ಸಾಲು ಓದಿ ನಮ್ಮ ಮಾತಿನಲ್ಲಿ ಹೇಳುವುದು ನನ್ನ ಕೆಲಸ. ಹೆಣ್ಣಿನ ಮಾತಿಗೆ ದನಿ ಸಣ್ಣ ಮಾಡುತ್ತಿದ್ದೆ, ಮುದುಕರ ಮಾತಿಗೆ ಕೆಮ್ಮುತ್ತಿದ್ದೆ. ನಾಲ್ಕೇ ವಾರಕ್ಕೆ ನನಗೆ ನಾನೇ ದೊಡ್ಡ ನಟ ಎನಿಸತೊಡಗಿತು.

ತಾಪತ್ರಯ ಬಂದದ್ದು ಕೊನೆಯಲ್ಲಿ. ಇಂಥ ಚಿತ್ರಗಳನ್ನು ನೋಡಿದವರಿಗೆ ಗೊತ್ತು, ಅವು ಮುಗಿಯುವುದೇ ಇಲ್ಲ, ನಿಂತುಬಿಡುತ್ತವೆ. ಕತ್ತೆ ಕಳಕೊಂಡ ಮುದುಕನೊಬ್ಬನ ಚಿತ್ರ ಬಂತು. ಒಂದೂವರೆ ತಾಸು ಹುಡುಕಿ, ಗುಡ್ಡ ಹತ್ತುತ್ತ ಹತ್ತುತ್ತ ಇದ್ದಾಗ ಪರದೆ ಕಪ್ಪಾಯಿತು. ಜನ ಎದ್ದು ನಿಂತರು. "ಈರಣ್ಣ, ಕಡೀ ರೀಲ ಎಲ್ಲಿ ಮುಚ್ಚಿಟ್ಟಿ? ತಗದು ಹಾಕು" ಎಂದು ಹಂಸಭಾವಿಯ ಹಿರಿಯರೊಬ್ಬರು ಗದರಿದರು.

"ಇದು ಇಷ್ಟ ಐತ್ರಿ ಕಾಕಾ. ಮುಂದಿಂದು ನಾವ ವಿಚಾರ ಮಾಡಬೇಕು" ಎಂದ ಈರಣ್ಣ.

"ವಿಚಾರ ಮಾಡಾಕ ನಮ್ಮ ಮನ್ಯಾಗ ಏನ ಕಡಿಮಿ ಅದಾವೇನೋ?"

ಅಂದಿನಿಂದ ಒಂದು ಪದ್ಧತಿ ಬಿತ್ತು. ಆಟ ಮುಗಿದ ಮೇಲೆ ಎಲ್ಲರೂ ಹೊರಗಿನ ಬೇವಿನ ಮರದ ಕೆಳಗೆ ಕೂತು, ಊರ ನ್ಯಾಯ ಬಗೆಹರಿಸುವ ಹಾಗೆ ಕಥೆಯನ್ನು ಬಗೆಹರಿಸುವುದು. ಕತ್ತೆ ಸಿಕ್ಕಿತೋ ಇಲ್ಲವೋ? ಸಿಕ್ಕಿತು ಎಂದು ಒಂದು ಪಕ್ಷ, ತೋಳ ತಿಂದಿದೆ ಎಂದು ಇನ್ನೊಂದು. ಮುದುಕನ ಸೊಸೆಯೇ ಮಾರಿಕೊಂಡಿದ್ದಾಳೆ ಎಂದು ಒಬ್ಬಾಕೆ ಆಣೆ ಮಾಡಿ ಹೇಳಿದಳು. ಒಮ್ಮತವಾಗದೆ ಯಾರೂ ಏಳುವ ಹಾಗಿಲ್ಲ. ಈರಣ್ಣನಿಗಂತೂ ಸ್ವರ್ಗ ಮೂರೇ ಗೇಣು. "ಪುಣೇದಾಗ ಸೈತ ಹಿಂಗ ಚರ್ಚಾ ಆಗತಿದ್ದಿಲ್ಲಲೇ" ಎಂದು ನನ್ನ ಬೆನ್ನಿಗೆ ಗುದ್ದುತ್ತಿದ್ದ. ನನ್ನ ಪಾಡು ಬೇರೆ. ನ್ಯಾಯದವರು "ಮಾಸ್ತರ, ಆಗ ಅಂವ ಏನಂದಾ, ಇನ್ನೊಮ್ಮೆ ಹೇಳ್ರಿ" ಎಂದು ನನ್ನನ್ನು ಸಾಕ್ಷಿಗೆ ಹಿಡಿದಿಟ್ಟುಕೊಳ್ಳುತ್ತಿದ್ದರು. ಶಾಲೆಯ ಗಂಟೆ ಹೊಡೆದು ಪ್ರಾರ್ಥನೆ ಮುಗಿದ ಮೇಲೆ ನಾನು ಹಿಂಬಾಗಿಲಿನಿಂದ ಒಳಗೆ ನುಸುಳಬೇಕು, ಹೆಡ್‌ಮಾಸ್ತರರು ಕನ್ನಡಕದ ಮೇಲಿನಿಂದ ನೋಡಬೇಕು. ಮೂರು ವಾರ ಹೀಗೇ ಆಯಿತು.

ಅದರ ಮುಂದಿನ ವಾರದ ಚಿತ್ರದಲ್ಲಿ, ಅಪ್ಪನೊಡನೆ ಜಗಳಾಡಿ ಮನೆ ಬಿಟ್ಟ ಮಗಳು ವರ್ಷಾನುಗಟ್ಟಲೆ ಆದ ಮೇಲೆ ಹಿಮದಲ್ಲಿ ನಡೆದು ನಡೆದು ತವರಿಗೆ ಬರುತ್ತಾಳೆ. ಬಾಗಿಲ ಮುಂದೆ ನಿಲ್ಲುತ್ತಾಳೆ. ಕೈ ಎತ್ತುತ್ತಾಳೆ. ಅಲ್ಲಿಗೆ ಮುಗಿಯಿತು. ಇದು ಮಧ್ಯಾಹ್ನದ ತನಕ ಬಗೆಹರಿಯುವ ನ್ಯಾಯವಲ್ಲ. ಅಷ್ಟರಲ್ಲಿ ಪರದೆಯ ಮೇಲೆ ಕೆಲಸ ಮಾಡಿದವರ ಹೆಸರುಗಳು ಅದ್ಯಾವುದೋ ಲಿಪಿಯಲ್ಲಿ ಮೇಲಕ್ಕೆ ಹತ್ತತೊಡಗಿದವು. ನನಗೆ ಕೆಟ್ಟ ಬುದ್ಧಿ ಹೊಳೆಯಿತು. ಆ ಹೆಸರುಗಳನ್ನೇ ಓದುವವನ ಹಾಗೆ ಮೈಕಿನಲ್ಲಿ ಶುರು ಮಾಡಿದೆ: "ಮುಂದಿನ ಕತಿ ಬರದಾರ ನೋಡ್ರಿ. ಮಗಳು ಬಾಗಲಾ ಬಡದ್ಲು. ಅಪ್ಪ ಬಾಗಲಾ ತಗದಾ. ಬಾ ಮಗಳ, ಮದಲ ಉಣ್ಣು, ಆಮ್ಯಾಲ ಮಾತಾಡೂಣು ಅಂದಾ. ಇಬ್ಬರೂ ಅತ್ತರು. ಸುಖದಿಂದ ಇದ್ದರು."

ಚಪ್ಪಾಳೆ ಬಿತ್ತು! ಹಂಸಭಾವಿಯ ಹಿರಿಯರು ಟವೆಲಿನಿಂದ ಕಣ್ಣೊರೆಸಿಕೊಂಡು, "ಇದು ನೋಡ್ರಿ ಸಿನಿಮಾ ಅಂದ್ರ" ಎಂದರು. ಐದು ನಿಮಿಷದಲ್ಲಿ ಗೋದಾಮು ಖಾಲಿ. ನಾನು ಶಾಲೆಗೆ ಪ್ರಾರ್ಥನೆಗಿಂತ ಮೊದಲೇ ಹೋಗಿ ನಿಂತೆ.

ಈರಣ್ಣ ಸಂಜೆ ಮನೆಗೆ ಬಂದ. ಚಹಾ ಮುಟ್ಟಲಿಲ್ಲ. "ಆ ಮನಶಾ ಬೇಕಂತ ಬಿಟ್ಟಿದ್ದನ್ನ ತುಂಬಾಕ ನೀ ಯಾರಲೇ?" ಎಂದ. ಸಿನಿಮಾ ಅಲ್ಲವೇ, ಅಷ್ಟ್ಯಾಕೆ ಸಿಟ್ಟು ಎಂದು ನಾನು ನಕ್ಕೆ. ಅವನು ನಗಲಿಲ್ಲ.

ನಗಬಾರದಿತ್ತು ಎಂದು ನನಗೆ ತಿಳಿದದ್ದು ಮುಂದಿನ ಸಂತೆಯಲ್ಲಿ. ಒಣಮೆಣಸಿನಕಾಯಿ ಮಾರುವ ಗಂಗವ್ವ ಆಟಕ್ಕೆ ಮೊದಲೇ ಬಂದು ನನ್ನ ಸ್ಟೂಲಿನ ಹತ್ತಿರ ನಿಂತಳು. ಒಂದು ವಾರವೂ ತಪ್ಪಿಸದೆ ಬರುತ್ತಿದ್ದವಳು, ಮುಂದಿನ ಸಾಲಿನಲ್ಲೇ ಕೂಡುತ್ತಿದ್ದವಳು ಅವಳು. ನ್ಯಾಯದಲ್ಲಿ ಮಾತ್ರ ಬಾಯಿ ಬಿಡುತ್ತಿರಲಿಲ್ಲ.

"ಮಾಸ್ತರ, ಆ ಸಿನಿಮಾದಾಗ ಅಪ್ಪ ಬಾಗಲಾ ತಗದಿದ್ದು ಖರೇನೇನ್ರಿ?"

"ಯಾಕ ಗಂಗವ್ವ?"

ಆಗ ಹೇಳಿದಳು. ಹತ್ತಿಮತ್ತೂರಿನಲ್ಲಿ ಅವಳಿಗೆ ಒಬ್ಬಳೇ ತಂಗಿ, ನೀಲವ್ವ. ಒಂಬತ್ತು ವರ್ಷದ ಹಿಂದೆ ಅವರ ತಾಯಿ ತಂಗಿಯ ಮನೆಯಲ್ಲೇ ತೀರಿಕೊಂಡಾಗ ಗಂಗವ್ವನ ಮಗಳ ಹೆರಿಗೆ ಕಷ್ಟವಾಗಿತ್ತು. ಮಗಳನ್ನು ಬಿಟ್ಟು ಇವಳು ಹೋಗಲಿಲ್ಲ. "ಅವ್ವನ ಮಣ್ಣಿಗೆ ಬರದಾಕಿ ನನ್ನ ಹೊಸ್ತಲಾ ತುಳೀಬಾರದು" ಎಂದು ತಂಗಿ ಹೇಳಿ ಕಳಿಸಿದಳು. ಇವಳೂ ಹಟದವಳೇ, ಹೋಗಲಿಲ್ಲ. ಸಿನಿಮಾ ನೋಡಿದ ಮರುದಿನ ಮಾತ್ರ ಶೇಂಗಾ ಹೋಳಿಗೆ ಮಾಡಿಕೊಂಡು, ಬಸ್ಸು ಹತ್ತಿ, ಹತ್ತಿಮತ್ತೂರಿಗೆ ಹೋಗಿದ್ದಾಳೆ.

"ಬಾಗಲಾ ಬಡದೆ. ಕಿಟಕ್ಯಾಗಿಂದ ನೋಡಿ ಒಳಗಿಂದ ಚಿಲಕಾ ಹಾಕಿದ್ಲ್ರಿ. ಓಣಿ ಮಂದಿ ಎಲ್ಲಾ ನೋಡಾಕತ್ತಿದ್ರು. ಒಂದ ತಾಸ ನಿಂತು ಹೊಳ್ಳಿ ಬಂದೆ. ಕಟ್ಟಿ ಮ್ಯಾಲ ಹೋಳಿಗಿ ಇಟ್ಟ ಬಂದೆ."

ಮೈಕಿನಲ್ಲಿ ಹತ್ತು ಮಂದಿಯ ದನಿ ತೆಗೆಯುವ ನನಗೆ ನನ್ನ ದನಿಯೇ ಸಿಗಲಿಲ್ಲ. ನಾಚಿಕೆ ಎಂದರೆ ಏನು ಎಂದು ಅವತ್ತು ತಿಳಿಯಿತು. ಶಾಲೆಗೆ ತಡವಾಗಬಾರದೆಂದು ನಾನು ಹೇಳಿದ ಒಂದು ಸುಳ್ಳಿಗೆ, ಒಬ್ಬ ಹೆಣ್ಣುಮಗಳು ಪರ ಊರಿನ ಓಣಿಯಲ್ಲಿ ಒಂದು ತಾಸು ನಿಂತು ಬಂದಿದ್ದಳು.

"ಇಲ್ಲ ಗಂಗವ್ವ. ಅದು ಸಿನಿಮಾದಾಗ ಇದ್ದಿದ್ದಿಲ್ಲ. ನಾನ ಸೇರಿಸಿ ಹೇಳಿದೆ. ತಪ್ಪಾತು."

ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, "ಹಂಗಾರ ಇನ್ನೊಮ್ಮೆ ತೋರಸ್ರಿ. ಇದ್ದದ್ದಷ್ಟ ಹೇಳ್ರಿ" ಎಂದಳು.

ಈರಣ್ಣ ಹೊಸ ಡಿಸ್ಕು ತೆಗೆದಿಟ್ಟು ಹಳೆಯದನ್ನೇ ಹಾಕಿದ. ನೋಡಿದ್ದನ್ನೇ ಯಾರು ನೋಡುತ್ತಾರೆ ಎಂದು ಜನ ಗೊಣಗುತ್ತ ಎದ್ದು ಹೋದರು. ಗೋದಾಮಿನಲ್ಲಿ ಉಳಿದವರು ನಾವು ಮೂವರೇ. ಇದ್ದದ್ದಷ್ಟನ್ನೇ ಹೇಳಿದೆ, ದನಿ ಬದಲಿಸಲಿಲ್ಲ, ಕೆಮ್ಮಲಿಲ್ಲ. ಮಗಳು ಬಾಗಿಲ ಮುಂದೆ ನಿಂತು ಕೈ ಎತ್ತಿದಳು. ನಾನು ಮೈಕು ಬಂದ್ ಮಾಡಿದೆ. ಹೆಸರುಗಳು ಹತ್ತಿ ಹತ್ತಿ ಮುಗಿದವು. ಗಂಗವ್ವ ಖಾಲಿ ಪರದೆಯ ಕಡೆ ಕೈ ತೋರಿಸಿದಳು.

"ಆಕಿ ಅಲ್ಲೇ ನಿಂತಾಳಲ್ರಿ ಇನ್ನೂ?"

"ಹೂಂ."

"ಹೊಳ್ಳಿ ಹೋಗಿಲ್ಲ?"

"ಇಲ್ಲ."

"ಹಂಗಾರ ಆತು ಬಿಡ್ರಿ" ಎಂದು ಸೆರಗು ಕೊಡವಿಕೊಂಡು ಸಂತೆಗೆ ಹೋದಳು. ಈರಣ್ಣ ನನ್ನ ಕಡೆ ನೋಡಿದ, ನಾನು ಅವನ ಕಡೆ ನೋಡಿದೆ. ನನ್ನ ಸಂಗಡ ಅವನು ಮತ್ತೆ ಚಹಾ ಕುಡಿದದ್ದು ಅವತ್ತೇ.

ಆ ಬೇಸಿಗೆಗೆ ನನಗೆ ಸವಣೂರಿಗೆ ವರ್ಗವಾಯಿತು. ಮೈಕಿಗೆ ಬೇರೆ ಮಾಸ್ತರರು ಸಿಗದೆ ಆಟವೂ ನಿಂತಿತು. ಗಂಗವ್ವನ ತಂಗಿ ಬಾಗಿಲು ತೆಗೆದಳೋ ಇಲ್ಲವೋ, ನನಗೆ ಗೊತ್ತಾಗಲಿಲ್ಲ. ಗಂಗವ್ವನನ್ನೇ ಕೇಳಿ ಗೊತ್ತು ಮಾಡಿಕೊಳ್ಳಲಿಲ್ಲ ಎನ್ನುವುದು ಸರಿ. ಇಲ್ಲ ಎಂಬ ಉತ್ತರ ಬಂದರೆ ಏನು ಮಾಡಲಿ ಎಂಬ ಅಂಜಿಕೆ. ಈರಣ್ಣನನ್ನು ಮಾತ್ರ ಎಷ್ಟೋ ಸಲ ಕೇಳಿದೆ. ಆ ಪುಣ್ಯಾತ್ಮ, "ನನಗ ಗೊತ್ತೈತಿ, ಹೇಳಂಗಿಲ್ಲ. ನೀನ ಕೇಳು" ಎಂದು ಗಂಗವ್ವನ ಫೋನ್ ನಂಬರು ಕಳಿಸಿ ಸುಮ್ಮನಾದ. ಮೂರು ವರ್ಷದಿಂದ ಅದು ನನ್ನ ಮೊಬೈಲಿನಲ್ಲಿ ಬಿದ್ದಿತ್ತು.

ಹೋದ ಭಾನುವಾರದ ಚಿತ್ರವೂ ಹಾಗೇ ಅರ್ಧಕ್ಕೆ ನಿಂತಿತು. ದೀಪ ಹತ್ತಿದವು. ಎಲ್ಲರೂ ಎದ್ದು, ಮೊಬೈಲು ತೆಗೆದು, ಮೆಲ್ಲಗೆ ಹೊರಟುಹೋದರು. ಮುಂದೇನಾಯಿತು ಎಂದು ಒಬ್ಬರೂ ಕೇಳಲಿಲ್ಲ. ನನಗೆ ಅದನ್ನು ತಡೆಯಲಾಗಲಿಲ್ಲ, ನೋಡಿ. ಕೇಳಬೇಕಾದವನು ನಾನೇ ಅಲ್ಲವೇ? ಬಸ್‌ಸ್ಟ್ಯಾಂಡಿಗೆ ಬಂದವನೇ ಕಂಬಕ್ಕೆ ಒರಗಿ ನಂಬರು ಒತ್ತಿದೆ.

"ಗಂಗವ್ವ ಅದಾರೇನ್ರಿ?"

"ಅಕ್ಕ ಗಿರಣಿಗೆ ಹೋಗ್ಯಾಳ್ರಿ, ಹಿಟ್ಟ ಬೀಸಾಕ. ಫೋನ ಇಲ್ಲೇ ಬಿಟ್ಟಾಳ. ನೀವ್ಯಾರ್ರಿ?"

"ನೀವು?"

"ನಾ ಆಕಿ ತಂಗಿ ನೀಲವ್ವ ರೀ."

ನಾನು ಯಾರೆಂದು ಹೇಳಿದೆ. ಆ ಕಡೆಯಿಂದ ಫೋನು ಒಡೆಯುವ ಹಾಗೆ ನಗು. "ಯವ್ವಾ, ಸುಳ್ಳ ಹೇಳೂ ಮಾಸ್ತರ ನೀವ ಏನ್ರಿ!"

"ನಾನ ರೀ. ನೀವು ಯಾವಾಗ ಬಾಗಲಾ ತಗದ್ರಿ?" ಎಂದು ಕೇಳಿಯೇಬಿಟ್ಟೆ.

"ನಾ ಎಲ್ಲಿ ತಗದೇನ್ರಿ? ವಾರಾ ವಾರಾ ಬಂದು ನಿಂತು ಹೋಗತಿದ್ಲು. ಏಳ ವಾರ. ಎಂಟನೇ ವಾರ ಬರಲಿಲ್ಲ ನೋಡ್ರಿ. ಜ್ವರ ಬಂದು ಬಿದ್ದಿದ್ಲಂತ, ನನಗೇನ ಗೊತ್ತು? ಸಂಜೀಮಟಾ ಕಿಟಕ್ಯಾಗ ನಿಂತೆ. ಮರುದಿನ ಮುಂಜಾನಿ ಬಸ್ಸಿಗೆ ನಾನ ಬಂದೆ. ಬಂದು ಆಕಿ ಬಾಗಲಾ ಬಡದೆ."

ಶಿಗ್ಗಾವಿಯ ಬಸ್ಸು ಬಂದು ನಿಂತಿತ್ತು. ಕಂಡಕ್ಟರ್ ಕೂಗುತ್ತಿದ್ದ. ನನ್ನ ಕಣ್ಣು ತುಂಬಿ ಬೋರ್ಡು ಕಾಣಲೊಲ್ಲದು.

"ಅಕ್ಕಗ ಏನ ಹೇಳಲ್ರಿ ಮಾಸ್ತರ?"

"ನಾಳೆ ಬರ್ತೇನಿ ಅಂತ ಹೇಳ್ರಿ."

"ಬರ್ರಿ, ಊಟಕ್ಕ ಬರ್ರಿ. ಕತಿ ಮಾತ್ರ ನಾವು ಹೇಳ್ತೇವಿ, ನೀವು ಸುಮ್ಮ ಕುಂತು ಕೇಳ್ರಿ."