ಜೊತೆಗೆ ಬಂದವರು ಹೊರಗೆ

"ಜೊತೆಗೆ ಬಂದವರು ಹೊರಗೆ ಕೂತಿರಲಿ," ಎಂದರು ಆಪ್ತಸಮಾಲೋಚಕಿ. ನಾನು ದಿನೇಶನ ಮುಖ ನೋಡಿದೆ. ಅವನು ಹೋದರೆ ನನ್ನ ಕಾಯಿಲೆ ಹೇಳುವವರು ಯಾರು?

ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಕೊಪ್ಪದ ಡಾಕ್ಟರ ಹತ್ತಿರ ಯಾರೂ ಒಬ್ಬರೇ ಹೋಗುವುದಿಲ್ಲ. ನಮ್ಮೂರು ಅಡ್ಡಗದ್ದೆಯಿಂದ ಹೊರಟರೆ ಅಮ್ಮನೋ ದೊಡ್ಡಪ್ಪನೋ ಜೊತೆಗಿರಬೇಕು. ಡಾಕ್ಟರು ನನ್ನನ್ನು ಕೇಳಿದರೂ ಉತ್ತರ ಅವರದ್ದು: "ಸರೀ ಊಟ ಮಾಡ್ತಿಲ್ಲ ಡಾಕ್ಟ್ರೇ." ನಾನು ನಾಲಿಗೆ ಚಾಚಿದರೆ ಸಾಕು. ಸಂಶೋಧನೆಗೆಂದು ಹೈದರಾಬಾದಿನ ವಿಶ್ವವಿದ್ಯಾಲಯಕ್ಕೆ ಬರುವಾಗ ಭಾಷೆ, ಖಾರ, ಬಿಸಿಲು ಬೇರೆ ಎಂದು ಗೊತ್ತಿತ್ತು. ಇದು ಗೊತ್ತಿರಲಿಲ್ಲ.

ಬಂದ ಮರುವರ್ಷ, 2005ರಲ್ಲಿ, ನನ್ನ ನೆನಪಿನ ಮೇಲೆ ನನಗೇ ನಂಬಿಕೆ ಹೋಯಿತು. ಕೋಣೆಗೆ ಬೀಗ ಹಾಕಿ ಮೆಟ್ಟಿಲಿಳಿಯುತ್ತಿದ್ದೆ, ಮತ್ತೆ ಹತ್ತಿ ಬೀಗ ಜಗ್ಗುತ್ತಿದ್ದೆ. ಊಟ ಆಯಿತೇ ಎಂದರೆ ಗೊತ್ತಿಲ್ಲ. ನಿದ್ದೆಯಂತೂ ಇಲ್ಲವೇ ಇಲ್ಲ. ನಾನು ಮರಳಿ ಬಂದಾಗಲೆಲ್ಲ ಹಾಸ್ಟೆಲಿನ ಕಾವಲುಗಾರ "ಪರವಾಲೇದು" ಎನ್ನುತ್ತಿದ್ದ. ಪರವಾಗಿಲ್ಲ ಎಂದರ್ಥ. ಅವನ ಸಮಾಧಾನ ನನಗೆ ಗುಟ್ಟು ಬಯಲಾದಂತೆ ಕೇಳುತ್ತಿತ್ತು.

ದಿನೇಶ ಪಕ್ಕದ ಕೋಣೆಯವನು, ನಮ್ಮ ಕಡೆಯ ಸೀತೂರಿನವನು. "ನೀನೇ ಕರ್ಕೊಂಡು ಹೋಗು ಅಂದಿದ್ದು ಮಾರಾಯ," ಎಂದು ಇವತ್ತಿಗೂ ಹೇಳುತ್ತಾನೆ. ಅವನೇ ಸಮಾಲೋಚಕಿಯ ಹತ್ತಿರ ಎಳೆದೊಯ್ದ ಎಂದು ನನ್ನ ನೆನಪು. ಯಾವುದು ಸರಿಯೋ. ದಾರಿಯುದ್ದಕ್ಕೂ ಜಗಳವಾಡಿದ್ದು ಮಾತ್ರ ಇಬ್ಬರಿಗೂ ನೆನಪಿದೆ.

"ಅಲ್ಲಿ ಹೇಳಿದ್ದು ನನ್ನ ಗೈಡ್ ಕಿವಿಗೆ ಬಿದ್ರೆ?"

"ಬಿದ್ರೆ ಎಂತ ಆಗ್ತದೆ?"

"ತಲೆ ಸರಿಯಿಲ್ಲ ಅಂತ ಊರಿಗೆ ಕಳಿಸ್ತಾರೆ."

"ಹೀಗೇ ಇದ್ರೆ ನಾನೇ ಕಳಿಸ್ತೇನೆ. ಬಸ್ಸು ಹತ್ತಿಸಿದ್ದೂ ನಿಂಗೆ ನೆನಪಿರೂದಿಲ್ಲ."

ನಗು ಬರಬೇಕಿತ್ತು, ಬರಲಿಲ್ಲ. ಹಾಗೆ ವಾಪಸು ಹೋದವನಿಗೆ ಮತ್ತೆ ಓದು ಸಿಗುವುದಿಲ್ಲ ಎಂಬುದು ಅವನಿಗೂ ಗೊತ್ತಿತ್ತು.

ಸಮಾಲೋಚಕಿ ಹೇಳಿದಂತೆ ದಿನೇಶ ಹೊರಗೆ ಹೋದ. ಬಾಗಿಲು ಮುಚ್ಚಿತು. ಸಮಾಲೋಚಕಿ ಕಾದರು. ನಾನೇ ಮೊದಲು ಕೇಳಿದೆ:

"ನಾನು ಹೇಳಿದ್ದನ್ನು ಯಾರಿಗೆ ಹೇಳುತ್ತೀರಿ?"

"ನಿಮ್ಮನ್ನು ಕೇಳದೆ ಯಾರಿಗೂ ಇಲ್ಲ. ನಿಮ್ಮ ಜೀವಕ್ಕೆ ಅಪಾಯ ಅನ್ನಿಸಿದರೆ ಮಾತ್ರ ಹೇಳಬೇಕಾಗುತ್ತದೆ. ಆಗಲೂ ಮೊದಲು ನಿಮಗೆ ತಿಳಿಸುತ್ತೇನೆ."

"ನಂಬುವುದು ಹೇಗೆ?"

"ಈಗಲೇ ನಂಬಬೇಡಿ. ಸ್ವಲ್ಪ ಹೇಳಿ ನೋಡಿ. ಆ ಮಾತು ಹೊರಗೆ ಹೋದರೆ ಮುಂದಿನದು ಹೇಳಬೇಡಿ."

ಪರೀಕ್ಷಿಸಿ ನೋಡಬಹುದಾದ ಮಾತು ಎಂದು ಒಪ್ಪಿದೆ. ಆದರೆ ಶುರುಮಾಡುವ ಬಗೆ ತಿಳಿಯಲಿಲ್ಲ. ಕೊನೆಗೆ ಜೊತೆಗೆ ಬಂದವನಂತೆಯೇ ಹೇಳತೊಡಗಿದೆ. "ಇವನು ಸರಿಯಾಗಿ ಊಟ ಮಾಡುತ್ತಿಲ್ಲ. ನಿದ್ದೆ ಇಲ್ಲ. ಹೆದರಿದ್ದಾನೆ."

ಅವರು ತಿದ್ದಲಿಲ್ಲ. "ಯಾವುದಕ್ಕೆ ಹೆದರಿದ್ದಾನೆ?" ಎಂದರು.

"ನನಗೆ ಹುಚ್ಚು ಹಿಡಿಯುತ್ತದೆ ಅಂತ," ಎಂದೆ. ಆಮೇಲೆ ಅಳು ಬಂತು.

ಗೈಡ್ ನನ್ನನ್ನು ಕರೆಯುವರೆಂದು ಆ ವಾರವೆಲ್ಲ ಕಾದೆ. ಕರೆದರು, ಪ್ರಬಂಧದ ಅಧ್ಯಾಯ ಎಲ್ಲಿಗೆ ಬಂತು ಎಂದು ಕೇಳಲು. ಮುಂದಿನ ವಾರ ಒಬ್ಬನೇ ಹೋಗಿ ಉಳಿದದ್ದನ್ನು ಹೇಳಿದೆ. ನಿದ್ದೆ ಚೂರುಚೂರಾಗಿ ಮರಳಿತು. ಬೀಗ ಈಗಲೂ ಜಗ್ಗುತ್ತೇನೆ, ಒಂದು ಸಲ.

ರಜೆಗೆ ಊರಿಗೆ ಹೋದಾಗ ಅಮ್ಮನಿಗೆ ತಲೆಸುತ್ತು. ಕೊಪ್ಪಕ್ಕೆ ಕರೆದುಕೊಂಡು ಹೋದೆ. ಡಾಕ್ಟರು "ಎಂತ ಆಯ್ತು?" ಎಂದಾಗ ಅಮ್ಮ ನನ್ನ ಕಡೆ ತಿರುಗಿದಳು.

"ನೀನೇ ಹೇಳಮ್ಮ."

ಅವಳ ಮುಖ ಬಾಡಿತು. "ಮತ್ತೆ ನೀ ಬಂದದ್ದು ಎಂತಕ್ಕೆ?"

ನಾನೇ ಹೇಳಿದೆ. ಅಮ್ಮ ನಿರಾಳವಾಗಿ ನಾಲಿಗೆ ಚಾಚಿದಳು.

ಹೈದರಾಬಾದಿನಲ್ಲಿ ಸಮಾಲೋಚಕಿಯ ಆ ಕೋಣೆಯಲ್ಲಿ ಈಗ ನನ್ನ ಮಾತು ನಾನೇ ಆಡುತ್ತೇನೆ. ಆದರೂ ಒಳಗೆ ಕಾಲಿಡುವಾಗ, ಹಿಂದೆ ಇನ್ನೊಬ್ಬರು ಬರುತ್ತಿದ್ದಾರೆ ಎಂಬಂತೆ, ಬಾಗಿಲನ್ನು ಒಂದು ಕ್ಷಣ ಹಿಡಿದು ನಿಲ್ಲುತ್ತೇನೆ.