ಮೇ ತಿಂಗಳ ಬಿಸಿ ಗ್ಲಾಸು

ಅವರ ಬಲಗೈಯ ಎರಡು ಬೆರಳುಗಳಿಗೆ ತುದಿ ಇರಲಿಲ್ಲ. ಮುಂಬೈಯ ಘಾಟ್ಕೋಪರಿನ ಹೋಟೆಲಿನ ಗಲ್ಲಾದಲ್ಲಿ ಕೂತು, ಬಿಲ್ಲುಗಳನ್ನು ಎಡಗೈಯಲ್ಲೇ ಮೊಳೆಗೆ ಚುಚ್ಚುತ್ತಿದ್ದರು. ಸಂಜೆ ನಮ್ಮ ಬಿಲ್ಡಿಂಗಿನ ಹಿಂದಿನ ಮೈದಾನದಲ್ಲಿ ಹುಡುಗಿಯರಿಗೆ ವಾಲಿಬಾಲ್ ಕಲಿಸುತ್ತಿದ್ದರು. ಉಡುಪಿ ಕಡೆಯವರು, ನಮಗೆಲ್ಲ ಅಣ್ಣ. ಹೊಗಳಿಕೆಯಲ್ಲಿ ಮಹಾ ಜಿಪುಣ. ಎಷ್ಟೇ ಚೆನ್ನಾಗಿ ಹೊಡೆದರೂ "ಅಡ್ಡಿಲ್ಲ" ಎನ್ನುವರು, ಕೆಟ್ಟದಾಗಿ ಹೊಡೆದರೆ ನಿಟ್ಟುಸಿರು. ಅದು ದಿನವಿಡೀ ಗಲ್ಲಾದಲ್ಲಿ ಕೂತ ದಣಿವೋ, ನಮ್ಮ ಆಟ ನೋಡಿದ ದಣಿವೋ ಗೊತ್ತಾಗುತ್ತಿರಲಿಲ್ಲ.

ಬೆರಳಿನ ಕತೆ ಅವರು ಹೇಳುತ್ತಿರಲಿಲ್ಲ. ಗ್ರೈಂಡರಿಗೆ ಸಿಕ್ಕಿರಬೇಕು ಎಂದು ನಾವೇ ತೀರ್ಮಾನಿಸಿದ್ದೆವು.

ಆಟ ಮುಗಿದ ಮೇಲೆ ಹೋಟೆಲಿನಿಂದ ಚಹಾ ಬರುವುದು ವಾಡಿಕೆ. ಆ ಮೇ ತಿಂಗಳ ಸೆಕೆಯಲ್ಲಿ ಉಳಿದವರು ಗ್ಲಾಸಿನ ಅಂಚು ಹಿಡಿದು ಊದುತ್ತಿದ್ದರೆ, ನಾನು ಬಲಗೈಯಿಂದ ಗ್ಲಾಸನ್ನು ಬಿಗಿಯಾಗಿ ಹಿಡಿದು ಕೂತಿದ್ದೆ. ಅಣ್ಣ ಹತ್ತಿರ ಬಂದು ನನ್ನ ಬೆರಳು ಮುಟ್ಟಿ ನೋಡಿದರು. ಬಿಳಿಚಿಕೊಂಡು ತಣ್ಣಗಾಗಿದ್ದವು. ನಾಳಿನ ಫೈನಲ್‌ನಲ್ಲಿ ನೀನಿಲ್ಲ, ಈಗಲೇ ಆಸ್ಪತ್ರೆಗೆ ನಡಿ ಎಂದರು. ಫೈನಲ್‌ನಲ್ಲಿ ಚೆನ್ನಾಗಿ ಆಡಿದರೆ ನನಗೆ ರಾಜ್ಯ ತಂಡದ ಆಯ್ಕೆಗೆ ಕರೆ ಬರುವುದಿತ್ತು. ಅಳುತ್ತಾ ಜಗಳವಾಡಿದೆ. ಆಗ ಅಣ್ಣ ಬಾಯಿ ಬಿಟ್ಟರು.

"ಹೋಟೆಲಲ್ಲಿ ಗ್ಲಾಸ್ ತೊಳಿತಾ ಇದ್ದಾಗ ನನ್ನ ಕೈಯೂ ಹೀಗೇ ತಣ್ಣಗಾದದ್ದು. ನೀರಿಂದ ಅಂತ ಎಲ್ಲರೂ ಹೇಳಿದ್ರು, ನಾನೂ ನಂಬಿದೆ. ಬಿಸಿ ಚಾ ಗ್ಲಾಸ್ ಹಿಡ್ಕೊಂಡು ಹಿಡ್ಕೊಂಡೇ ಮ್ಯಾಚ್ ಆಡಿದೆ. ಮ್ಯಾಚ್ ಇನ್ನೊಂದು ಬರ್ತದೆ ಮಾರಾಯ್ತಿ, ಬೆರಳು ಬರುದಿಲ್ಲ."

ಕೈಯೆತ್ತಿ ಚೆಂಡು ಹೊಡೆದೂ ಹೊಡೆದೂ ಭುಜದ ರಕ್ತನಾಳ ಹಾಳಾಗಿದೆ, ಅಲ್ಲಿ ಹೆಪ್ಪುಗಟ್ಟಿದ ರಕ್ತದ ಚೂರುಗಳು ಬೆರಳಿಗೆ ಇಳಿದಿವೆ ಎಂದರು ಡಾಕ್ಟರು. ತಡಮಾಡಿದ್ದರೆ ಬೆರಳು ಉಳಿಯುತ್ತಿರಲಿಲ್ಲವಂತೆ. ಆಪರೇಷನ್ ಆಯಿತು. ತಂಡ ಫೈನಲ್ ಸೋತಿತು, ನನ್ನ ಆಟವೂ ಅಲ್ಲಿಗೆ ಮುಗಿಯಿತು. ಸೋಲನ್ನು ಜನ ಅಣ್ಣನ ತಲೆಗೆ ಕಟ್ಟಿದರು. ಅವರು ಮಾತ್ರ ದಿನಾ ಆಸ್ಪತ್ರೆಗೆ ಬಂದು, ನನ್ನ ಬೆರಳು ಮುಟ್ಟಿ ನೋಡಿ, "ಅಡ್ಡಿಲ್ಲ" ಎಂದು ಹೊರಟುಬಿಡುತ್ತಿದ್ದರು.

ಕಳೆದ ವರ್ಷ ಅಣ್ಣ ತೀರಿಕೊಂಡರು. ಗಲ್ಲಾದಲ್ಲಿ ಈಗ ಬೇರೆ ಯಾರೋ ಕೂರುತ್ತಾರೆ; ಆ ಕಡೆ ನೋಡಲು ನನಗೆ ಮನಸ್ಸಾಗುವುದಿಲ್ಲ.

ಕಚೇರಿ ಮುಗಿಸಿ ಲೋಕಲ್ ರೈಲಿನಲ್ಲಿ ಹಿಡಿಕೆಗೆ ಜೋತು ನಿಂತರೆ ಭುಜ ಸೋಲುತ್ತದೆ, ಆಮೇಲೆ ಇಡೀ ಮೈ ಸೋಲುತ್ತದೆ. ಘಾಟ್ಕೋಪರ್ ಬರುವಷ್ಟರಲ್ಲಿ ಯಾವುದೂ ಬೇಡ ಎನಿಸಿರುತ್ತದೆ. ಪ್ಲಾಟ್‌ಫಾರ್ಮಿಗೆ ಇಳಿದ ಮೇಲೆ ಬಲಗೈ ಬೆರಳುಗಳನ್ನು ಕೆನ್ನೆಗೆ ಒತ್ತಿ ನೋಡುತ್ತೇನೆ. ಬೆಚ್ಚಗಿರುತ್ತವೆ. ಅಡ್ಡಿಲ್ಲ ಅಂದುಕೊಂಡು ಮನೆ ಕಡೆ ನಡೆಯುತ್ತೇನೆ.